ಕುರಿಗಾಹಿ ನಂಬಿ ಬಿಟ್ಟುಹೋದ ನಾಯಿ

ಭೀಮಾ ನದಿ ದಂಡೆ ಮೀರಿದ ವರ್ಷ ನಾನು ನಲವತ್ತೊಂದು ನಾಯಿಗಳನ್ನು ಕಾಪಾಡಿದೆ ಎಂದು ಸಿಂದಗಿಯಲ್ಲಿ ಇಂದಿಗೂ ಹೇಳುವವರಿದ್ದಾರೆ. ಮೂವತ್ತೆಂಟು ಎಂದು ನಾನು ತಿದ್ದುತ್ತೇನೆ. ಉಳಿದ ಮೂರು ಏನಾದವು ಎಂದು ಊರಿನವರು ಒಬ್ಬರೂ ಈವರೆಗೆ ಕೇಳಿಲ್ಲ. ಆ ಮೂರರಲ್ಲಿ ಎರಡಕ್ಕೆ ಕೇಳುವವರು ಮೊದಲಿನಿಂದಲೂ ಇರಲಿಲ್ಲ. ಮೂರನೆಯದಕ್ಕೆ ಒಬ್ಬ ಒಡೆಯನಿದ್ದ. ಆತ ಬಂದು ಕೇಳಿದ. ನಾನು ಸುಳ್ಳು ಹೇಳಿದೆ.

ನಾನು ಇಪ್ಪತ್ತೇಳು ವರ್ಷ ಪ್ರೌಢಶಾಲೆಗಳಲ್ಲಿ ಕನ್ನಡ ಕಲಿಸಿದವಳು. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಕೊನೆಗೆ ಸಿಂದಗಿ. ವರ್ಗಾವಣೆಯ ಆದೇಶಗಳು ನನ್ನನ್ನು ಈ ನಾಲ್ಕು ತಾಲ್ಲೂಕುಗಳೊಳಗೇ ಸುತ್ತಿಸಿದವು. ಅರ್ಜಿಯಲ್ಲಿ ಒಂದು ಒತ್ತಕ್ಷರ ತಪ್ಪಿದರೂ ಹಿಂದಿರುಗಿಸುವವಳೆಂದು ಸಹೋದ್ಯೋಗಿಗಳು ನನ್ನನ್ನು ದೂರವಿಟ್ಟರು; ಮಕ್ಕಳು ಹೆದರಿದರು. ಐವತ್ತೆರಡನೆಯ ವಯಸ್ಸಿನಲ್ಲಿ ಸ್ವಯಂ ನಿವೃತ್ತಿ ಪಡೆದಾಗ ಬೀಳ್ಕೊಡುಗೆಯ ಸಭೆ ಅರ್ಧ ಗಂಟೆಯಲ್ಲಿ ಮುಗಿಯಿತು.

ಆ ಹೊತ್ತಿಗೆ ಪಟ್ಟಣದ ಹೊರಗೆ, ಇಂಡಿ ರಸ್ತೆಯ ಪಕ್ಕದಲ್ಲಿ, ವ್ಯಾಪಾರಿಯೊಬ್ಬರು ಬಳಸದೆ ಬಿಟ್ಟಿದ್ದ ಹತ್ತಿಯ ಗೋದಾಮಿನಲ್ಲಿ ಗಾಯಗೊಂಡ ನಾಯಿಗಳನ್ನು ಇಟ್ಟುಕೊಂಡು ಒಬ್ಬರು ಆರೈಕೆ ಮಾಡುತ್ತಿದ್ದರು. ಅವರು ಪಶು ಆಸ್ಪತ್ರೆಯಿಂದ ನಿವೃತ್ತರಾದ ಕಂಪೌಂಡರ್. ಕೈ ಒಳ್ಳೆಯದು, ಮನಸ್ಸೂ ಒಳ್ಳೆಯದು. ಕ್ರಮ ಮಾತ್ರ ಎಳ್ಳಷ್ಟೂ ಇರಲಿಲ್ಲ. ಯಾವ ನಾಯಿಗೆ ಯಾವ ದಿನ ಸೂಜಿ ಹಾಕಿದ್ದು ಎಂದು ಕೇಳಿದರೆ ತಲೆ ಕೆರೆದುಕೊಳ್ಳುತ್ತಿದ್ದರು. ನಾನು ಹೋಗಿ ರಿಜಿಸ್ಟರು ತೆರೆದೆ. ಪ್ರತಿ ನಾಯಿಗೂ ಒಂದು ಸಂಖ್ಯೆ, ಬಂದ ಕಾರಣ, ಔಷಧ, ಆಹಾರದ ಸಾಲು. ಶಾಲೆಯಿಂದ ಹೊರಹಾಕಿದ ಮುರುಕು ಡೆಸ್ಕುಗಳನ್ನು ತರಿಸಿ, ಕಾಯಿಲೆಯ ನಾಯಿಗಳು ನೆಲದ ತಂಪಿನ ಮೇಲೆ ಮಲಗದಂತೆ ಜೋಡಿಸಿದೆ. ಅಡುಗೆಗೂ ಗುಡಿಸುವುದಕ್ಕೂ ಹತ್ತಿರದ ಓಣಿಯ ಹೆಂಗಸೊಬ್ಬಳು ಬರುತ್ತಿದ್ದಳು. ಆಕೆಯ ಬಾಯಿಗೆ ಹೆದರಿಕೆಯೆಂಬುದು ಗೊತ್ತಿರಲಿಲ್ಲ.

"ಅಕ್ಕೋರ, ದಿನಾ ಮುಂಜಾನೆ ನಾಯಿ ಹಾಜರಿ ಕರೀತೀರಲ್ರಿ, ಒಂದರ ‘ಎಸ್ ಮ್ಯಾಡಂ’ ಅಂದೈತೇನ್ರಿ ಇಲ್ಲೀತನಕಾ?" ಎಂದು ಆಕೆ ಕೇಳಿದಾಗ ಕಂಪೌಂಡರ್ ಗಟ್ಟಿಯಾಗಿ ನಕ್ಕರು. ನಾನು ನಗಲಿಲ್ಲ. ಹಾಜರಿ ತೆಗೆದುಕೊಳ್ಳುವುದರಲ್ಲಿ ನಗುವಂಥದ್ದೇನೂ ಇಲ್ಲವೆಂದು ನಾನು ಆಗಲೂ ನಂಬಿದ್ದೆ.

ನಮ್ಮ ಸೀಮೆಗೆ ಪ್ರವಾಹ ಬರುವ ರೀತಿಯೇ ಬೇರೆ. ಇಲ್ಲಿ ಆಕಾಶ ನೀಲಿಯಾಗಿದ್ದರೂ ಮೇಲಿನ ಅಣೆಕಟ್ಟುಗಳಿಂದ ಬಿಟ್ಟ ನೀರು ಇಂಡಿ, ಸಿಂದಗಿ ತಾಲ್ಲೂಕುಗಳ ದಂಡೆಯ ಹಳ್ಳಿಗಳಿಗೆ ನುಗ್ಗುತ್ತದೆ. ಆ ವರ್ಷ ಮೇಲಿನ ನೀರೂ ಇಲ್ಲಿನ ಮಳೆಯೂ ಒಟ್ಟಿಗೆ ಬಂದವು. ಎಂಟು ದಿನ ಸೂರ್ಯನ ಮುಖ ಕಾಣಲಿಲ್ಲ. ಕಪ್ಪು ಮಣ್ಣಿನ ಹೊಲಗಳು ನೀರು ಕುಡಿದು ಕುಡಿದು ಕೊನೆಗೆ ಉಗುಳತೊಡಗಿದವು. ದಂಡೆಯ ಜನರನ್ನು ಶಾಲೆಗಳಿಗೆ ಸ್ಥಳಾಂತರಿಸಿದರು. ದನಗಳಿಗೆ ಬೇರೆ ಜಾಗ ಮಾಡಿದರು, ಮೇವು ತರಿಸಿದರು. ನಾಯಿಗಳ ಬಗ್ಗೆ ಯಾವ ಆದೇಶವೂ ಇರಲಿಲ್ಲ. ಇರಲಿಲ್ಲವಾದ್ದರಿಂದ ಅವು ಮನೆಗಳ ಮಾಳಿಗೆಯ ಮೇಲೆ ಉಳಿದವು, ಇಲ್ಲವೇ ಟ್ರ್ಯಾಕ್ಟರುಗಳ ಹಿಂದೆ ಓಡಿ ಓಡಿ ರಸ್ತೆಯಲ್ಲಿ ಬಿದ್ದವು. ನಮ್ಮಲ್ಲಿದ್ದ ಇಪ್ಪತ್ತಮೂರರ ಜೊತೆಗೆ, ಒಡೆಯರೇ ತಂದು ಬಿಟ್ಟವನ್ನೂ ಎಣಿಸಿ, ಹದಿನೆಂಟು ಸೇರಿದವು.

ಗೋದಾಮಿನ ಹಿಂದಿನ ಹಳ್ಳ ಉಕ್ಕಿ ಅಂಗಳದಲ್ಲಿ ಮೊಣಕಾಲುದ್ದ ನೀರು ನಿಂತಿತು, ಒಳಗೂ ನುಗ್ಗಿತು. ಡೆಸ್ಕುಗಳ ಮೇಲೆ ಡೆಸ್ಕು ಏರಿಸಿದೆವು. ಗೋಣಿಚೀಲಗಳು ಒಣಗುವಂತಿರಲಿಲ್ಲ, ಒಲೆಯ ಬೂದಿಯನ್ನು ಡೆಸ್ಕುಗಳ ಮೇಲೆ ಹರಡಿ, ಅದರ ಮೇಲೆ ನಮ್ಮ ಹಳೆಯ ಸೀರೆಗಳನ್ನು ಹಾಸಿದೆವು. ನೀರಲ್ಲಿ ನಿಂತ ನಾಯಿಗಳ ಬೆರಳ ಸಂದುಗಳು ಬೆಂದಂತೆ ಕೆಂಪಾಗಿದ್ದವು. ಒಂದೊಂದರ ಪಾದವನ್ನೂ ಒರೆಸಿ, ಅರಿಸಿನ ಬೆರೆಸಿದ ಎಣ್ಣೆ ಹಚ್ಚಿ, ಮುಂದಿನದಕ್ಕೆ ಹೋಗುವಷ್ಟರಲ್ಲಿ ಹಿಂದಿನದು ಮತ್ತೆ ನೀರಿಗಿಳಿದಿರುತ್ತಿತ್ತು. ಹೊಸದಾಗಿ ಬಂದವು ಹಳೆಯವನ್ನು ಕಚ್ಚುತ್ತಿದ್ದವು. ಆ ದಿನಗಳಲ್ಲಿ ನಾನು ಯಾರ ಮೇಲೂ ಸಿಟ್ಟಾಗಲಿಲ್ಲ. ಸಿಟ್ಟಿಗೆ ಬಿಡುವಿರಲಿಲ್ಲ.

ಅಂಥದೊಂದು ಮಧ್ಯಾಹ್ನ ರಸ್ತೆಯಲ್ಲಿ ಕುರಿಗಳ ಹಿಂಡೊಂದು ಬಂದು ನಿಂತಿತು. ಇಂಡಿ ಕಡೆಯ ದಂಡೆಯಿಂದ ತಾಂಬಾ ಮಾರ್ಗವಾಗಿ ನಡೆದು ಬಂದ ಹಿಂಡು. ಲಾರಿಗಳು ಹಾರ್ನು ಹೊಡೆಯುತ್ತಿದ್ದವು. ಹೆಂಗಸೊಬ್ಬಳು ಕೋಲು ಚಾಚಿ ಕುರಿಗಳನ್ನು ರಸ್ತೆಯ ಬದಿಗೆ ಒತ್ತುತ್ತಿದ್ದಳು. ಅರವತ್ತರ ಆಸುಪಾಸಿನ ಕುರಿಗಾಹಿ, ಆಕೆಯ ಗಂಡ, ಹೆಗಲ ಮೇಲೆ ಕುರಿಮರಿಯನ್ನು ಹೊರುವಂತೆ ಒಂದು ನಾಯಿಯನ್ನು ಹೊತ್ತು ನೀರು ದಾಟಿ ನಮ್ಮ ಬಾಗಿಲಿಗೆ ಬಂದ. ಕಂದು ಬಣ್ಣದ, ಎದೆ ಅಗಲವಾದ ಹೆಣ್ಣು ನಾಯಿ. ಕೊರಳಿಗೆ ಮೊಳೆಗಳು ಹೊರಚಾಚಿದ ಚರ್ಮದ ಪಟ್ಟಿ. ಮುಂಗಾಲಿನ ಅಂಗಾಲು ಸೀಳಿ ಬಾಯ್ದೆರೆದಿತ್ತು.

"ಇಲ್ಲಿ ನಾಯಿ ಇಟ್ಕೋತಾರಂತಲ್ರಿ?"

"ಗಾಯವಾದವನ್ನು ಇಟ್ಟುಕೊಳ್ಳುತ್ತೇವೆ" ಎಂದೆ. ತರಗತಿಯ ಭಾಷೆ ನನ್ನ ನಾಲಿಗೆಯಿಂದ ಇನ್ನೂ ಇಳಿದಿಲ್ಲ. ಊರಿನವರು ಅದಕ್ಕೂ ನಗುತ್ತಾರೆ.

"ನೀರಾಗ ಬಾಟ್ಲಿ ಗ್ಲಾಸ್ ತುಳದೈತ್ರಿ. ತಾಂಬಾದಿಂದ ಹೊತ್ಕೊಂಡ ಬಂದೇನಿ, ಇನ್ನ ಮುಂದ ಆಗೂದಿಲ್ಲ. ಹೂವಿನ ಹಿಪ್ಪರಗಿ ಕಡೆ ಒಬ್ರ ಹೊಲದಾಗ ಕುರಿ ನಿಲ್ಲಸೂದು ಐತಿ, ಮಾತ ಕೊಟ್ಟೇನಿ. ಅಮಾಸಿ ಮುಂದ ಬಂದು ಒಯ್ತೇನ್ರಿ."

ಗೊಬ್ಬರಕ್ಕಾಗಿ ರೈತರು ತಮ್ಮ ಹೊಲದಲ್ಲಿ ರಾತ್ರಿ ಕುರಿಗಳನ್ನು ತಂಗಿಸಿಕೊಳ್ಳುವುದು ನಮ್ಮ ಕಡೆಯ ಪದ್ಧತಿ. ಸುತ್ತ ಬಲೆ ಕಟ್ಟಿ ಹಿಂಡನ್ನು ಒಳಗಿಟ್ಟು, ಕುರಿಗಾಹಿ ಹೊರಗೆ ಮಲಗುತ್ತಾನೆ. "ನಾಯಿಯಿಲ್ಲದೆ ನಡೆಯುತ್ತದೆಯೇ?" ಎಂದು ಕೇಳಿದೆ.

"ನಡ್ಯಂಗಿಲ್ರಿ. ತೋಳ ಬಂದ್ರ ನಮಗೇನ ಗೊತ್ತಾಗ್ತೈತಿ? ಇದಕ್ಕ ಗೊತ್ತಾಗ್ತೈತಿ. ಹತ್ತ ಹನ್ನೆರಡ ದಿನಾ ನಾವಿಬ್ರೂ ಪಾಳಿ ಮ್ಯಾಲ ಕುಂಡರ್ತೇವಿ. ಅದಕಿಂತ ಹೆಚ್ಚಿಗಿ ಆಗೂದಿಲ್ಲ. ಜಲ್ದಿ ಮಾಯಸ್ರಿ."

ನಾನು ರಿಜಿಸ್ಟರು ತೆಗೆದೆ. ಹೆಸರಿನ ಅಂಕಣದಲ್ಲಿ ಏನು ಬರೆಯಲಿ ಎಂದರೆ ಹೆಸರಿಲ್ಲವೆಂದ. ಹೆಸರಿಟ್ಟರೆ ಕಂಡಕಂಡವರು ಕರೆಯುತ್ತಾರಂತೆ. ಅದು ಸೀಟಿಗೆ ಮಾತ್ರ ಬರುತ್ತದಂತೆ, ಅದೂ ತನ್ನ ಸೀಟಿಗೆ. ಮೂವತ್ನಾಲ್ಕು ಎಂದು ಬರೆದೆ. ಆತನ ಮೊಬೈಲ್ ನಂಬರು ಬರೆದುಕೊಂಡೆ. ಒಂದು ಚೀಟಿಯಲ್ಲಿ, ‘ಗಾಯ ವಾಸಿಯಾದ ಬಳಿಕ ಈ ನಾಯಿಯನ್ನು ಇದರ ಒಡೆಯರಿಗೇ ಮರಳಿ ಒಪ್ಪಿಸಲಾಗುವುದು’ ಎಂದು ಬರೆದು ಸಹಿ ಮಾಡಿ ಕೊಟ್ಟೆ. ಆತ ಅದನ್ನು ಓದದೆ ಮಡಚಿ ರುಮಾಲಿನೊಳಗೆ ಸಿಕ್ಕಿಸಿಕೊಂಡ.

"ಅಕ್ಕೋರು ಒಂದ ಮಾತ ಅಂದ್ರ ಮುಗೀತ್ರಿ. ನಮ್ಮನ್ಯಾಕೀನೂ ಅದನ್ನ ಅಂದ್ಳು, ಸಾಲಿ ಅಕ್ಕೋರ ಅದಾರಂತ ಅಲ್ಲೆ, ಬಿಡು ಅಂತ."

ಆತ ಹೊರಟಾಗ ನಾಯಿ ಮೂರು ಕಾಲಿನಲ್ಲಿ ಎದ್ದು ಹಿಂಬಾಲಿಸಿತು. ಆತ ತಿರುಗಿ ನೋಡದೆ ಬರಿಯ ಕೈ ಕೆಳಗೆ ಮಾಡಿದ. ಅದು ಅಲ್ಲೇ ಕುಳಿತುಕೊಂಡಿತು. ಹಿಂಡು ಕಣ್ಮರೆಯಾಗುವವರೆಗೆ ಕುಳಿತಿತ್ತು. ಕಂಪೌಂಡರ್ ಆರು ಹೊಲಿಗೆ ಹಾಕಿದರು. ನಾಯಿ ಹಲ್ಲು ತೋರಿಸಲಿಲ್ಲ.

ಇನ್ನು ರೊಟ್ಟಿಯ ವಿಷಯ ಹೇಳಬೇಕು. ಪ್ರವಾಹವೆಂದು ಕೇಳಿದ ಕೂಡಲೇ ನಮ್ಮ ಜಿಲ್ಲೆಯ ಊರೂರುಗಳಲ್ಲಿ ಹೆಂಗಸರು ಜೋಳದ ಹಿಟ್ಟು ಕಲಸಲು ಕುಳಿತರು. ಮುದ್ದೇಬಿಹಾಳದಿಂದ, ಬಸವನ ಬಾಗೇವಾಡಿಯಿಂದ ಖಡಕ್ ರೊಟ್ಟಿಯ ಚೀಲಗಳು ವಾಹನ ತುಂಬಿ ಬಂದವು. ನಾಡಿನ ಬೇರೆಡೆ ಅಕ್ಕಿ, ಬಿಸ್ಕತ್ತು ಕಳಿಸುತ್ತಾರೆ. ನಮ್ಮವರು ರೊಟ್ಟಿ ಕಳಿಸುತ್ತಾರೆ. ಖಡಕ್ ರೊಟ್ಟಿ ತಿಂಗಳುಗಟ್ಟಲೆ ಕೆಡುವುದಿಲ್ಲವೆಂಬುದು ನಮ್ಮ ಹೆಮ್ಮೆ. ಆದರೆ ಅದು ಕೆಡದಿರುವುದು ಒಲೆಯ ಸುತ್ತ ನಿಲ್ಲಿಸಿ, ಬಿಸಿಲಿಗೆ ಹರವಿ, ತೇವ ಹೋಗುವವರೆಗೆ ಒಣಗಿಸಿ, ಬಟ್ಟೆ ಸುತ್ತಿ ಬುಟ್ಟಿಯಲ್ಲಿಟ್ಟಾಗ. ಆ ಎಂಟು ದಿನ ಬಿಸಿಲೆಲ್ಲಿತ್ತು? ಅವಸರದಲ್ಲಿ ಬೇಯಿಸಿದವರು ಬೆಚ್ಚಗಿದ್ದಾಗಲೇ ಪ್ಲಾಸ್ಟಿಕ್ ಚೀಲಗಳಲ್ಲಿ ತುಂಬಿ ಬಾಯಿ ಕಟ್ಟಿದರು. ಕೊಟ್ಟ ಮನಸ್ಸಿನಲ್ಲಿ ದೋಷವಿರಲಿಲ್ಲ. ರೊಟ್ಟಿಯ ಮೇಲಿನ ನಂಬಿಕೆಯಲ್ಲಿತ್ತು.

ವಾಹನದ ಮುಂದೆ ಬ್ಯಾನರು ಹಿಡಿದು ಫೋಟೋ ತೆಗೆಸಿಕೊಳ್ಳುವ ತನಕ ಚೀಲಗಳು ಮಳೆಯಲ್ಲೇ ನಿಂತಿರುತ್ತಿದ್ದವು. ಬ್ಯಾನರಿನ ಮೇಲೆ ‘ನಿರಾಶೃತರಿಗೆ ನೆರವು’ ಎಂದಿತ್ತು. ‘ಶ್ರಿ’ ಇರಬೇಕಾದಲ್ಲಿ ‘ಶೃ’. ಒಂದು ಅಕ್ಷರದಲ್ಲಿ ಅಷ್ಟೊಂದು ಉದಾಸೀನ ತೋರಿದವರು ಉಳಿದದ್ದರಲ್ಲಿ ಎಷ್ಟು ಶ್ರದ್ಧೆ ತೋರಿಯಾರು ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಅಂದು ಬೇರೆಯವರ ತಪ್ಪು ನೋಡುವುದು ನನಗೆ ಬಹಳ ಸುಲಭವಾಗಿತ್ತು.

ಪರಿಹಾರ ಕೇಂದ್ರದವರು ತಮ್ಮಲ್ಲಿ ಹೆಚ್ಚಾಗಿ ಉಳಿದ ಐದು ಚೀಲ ರೊಟ್ಟಿಯನ್ನು ನಮಗೆ ಕಳಿಸಿದರು. ತಂದವನು, "ಮಂದಿ ಒಲ್ಲೆ ಅಂದ್ರು, ನಾಯಿಗೆ ಆಗ್ತಾವ ತಗೋರಿ" ಎಂದು ಹೇಳಿ ಇಳಿಸಿ ಹೋದ. ನಾನು ಚೀಲಗಳಿಗೆ ಬಂದ ಕ್ರಮದಲ್ಲಿ ಅಂಕಿ ಬರೆದೆ. ಕೇಂದ್ರಕ್ಕೆ ಒಂದು ಕೃತಜ್ಞತಾ ಪತ್ರವನ್ನೂ ಬರೆದೆ. ಒಳ್ಳೆಯ ಪತ್ರ. ಅದರ ಪ್ರತಿ ಈಗಲೂ ನನ್ನ ಫೈಲಿನಲ್ಲಿದೆ. ಒಂದು ತಪ್ಪೂ ಇಲ್ಲ.

ಮರುದಿನ ಬೆಳಿಗ್ಗೆ ಅಡುಗೆಯಾಕೆ ಮೊದಲ ಚೀಲ ಬಿಚ್ಚಿ ನನ್ನನ್ನು ಕರೆದಳು. "ಅಕ್ಕೋರ, ಇಲ್ಲಿ ನೋಡ್ರಿ. ಹಸರಾಗ್ಯಾವು."

ರೊಟ್ಟಿಗಳ ಅಂಚಿನಲ್ಲಿ ಹಸಿರು ಬೂಷ್ಟು ಹಿಡಿದಿತ್ತು; ಒಳಗಿನವುಗಳ ಮೇಲೆ ಕಪ್ಪು ಚುಕ್ಕಿಗಳು. ಹಿಡಿದು ಮುರಿದರೆ ಮುರಿಯಲಿಲ್ಲ, ಬಾಗಿತು.

"ಚೆಲ್ಲಿ ಬರ್ತೇನ್ರಿ, ಹಳ್ಳದಾಗ ಹೋಗ್ಲಿ."

"ಚೆಲ್ಲುವುದೆಂದರೇನು?" ಎಂದೆ.

ನಮ್ಮ ತಾಯಿ ಬಾಗೇವಾಡಿಯ ಕಡೆಯವಳು. ಉಂಡ ತಟ್ಟೆಗೆ ನೀರು ಹಾಕಿ ಬೆರಳಿನಿಂದ ತೊಳೆದು ಆ ನೀರನ್ನೂ ಕುಡಿಯುವ ಮನೆಯಲ್ಲಿ ನಾನು ಬೆಳೆದೆ. ಪ್ರಸಾದ ಕೆಡಿಸಬಾರದು. ನೆಲಕ್ಕೆ ಬಿದ್ದ ರೊಟ್ಟಿಯ ಚೂರನ್ನು ಕಣ್ಣಿಗೊತ್ತಿಕೊಂಡು ಎತ್ತಿಡಬೇಕು. ಮನುಷ್ಯರಿಗೆ ಆಗದ್ದನ್ನು ನಾಯಿಗೆ ಹಾಕಬೇಕು, ಚೆಲ್ಲಬಾರದು. ನಮ್ಮ ಕಡೆಯ ಎಲ್ಲ ಮನೆಗಳಲ್ಲೂ ಇದೇ ಕ್ರಮ. ಯಾರ ಮನೆಯಲ್ಲೂ ಯಾರೂ ನಾಯಿಯ ಹೊಟ್ಟೆಯ ಬಗ್ಗೆ ಯೋಚಿಸಿದ್ದಿಲ್ಲ. ನಾನು ಕಂಪೌಂಡರ್ ಕಡೆಗೆ ನೋಡಿದೆ.

"ನಾಯಿ ಹೊಟ್ಟಿ ಕಲ್ಲ ಕರಗಸ್ತೈತಿ ಬಿಡ್ರಿ" ಎಂದರು ಅವರು, ಸೂಜಿ ಕುದಿಸುತ್ತ. "ಹಸರ ಇದ್ದಷ್ಟ ಮುರದ ತಗದು, ಬಿಸಿ ಮಾಡಿ ಹಾಕ್ರಿ."

"ಹಾಗೆಯೇ ಮಾಡು" ಎಂದೆ. "ಬೂಷ್ಟು ತೆಗೆದು, ಹಂಚಿನ ಮೇಲೆ ಬಿಸಿ ಮಾಡಿ, ಮಜ್ಜಿಗೆಯಲ್ಲಿ ನೆನೆಹಾಕು. ಗಂಜಿಗಿಂತ ಇದು ಶಕ್ತಿ ಕೊಡುತ್ತದೆ, ಕಾಯಿಲೆಯ ಸಾಲಿಗೆ ಇರಲಿ. ಉಳಿದವಕ್ಕೆ ಗಂಜಿ."

"ನಾ ಅಂತೂ ಹಾಕಾಂಗಿಲ್ರಿ. ವಾಸನಿ ನೋಡ್ರಿ ಅದರದು."

"ಹಾಗಾದರೆ ನಾನೇ ಹಾಕುತ್ತೇನೆ."

ನಾನೇ ಹಾಕಿದೆ. ಕಾಯಿಲೆಯ ಸಾಲಿನಲ್ಲಿ ಒಂಬತ್ತು ನಾಯಿಗಳು. ಎಂಟಕ್ಕೆ ಒಂದೊಂದು ಪಾಲು ಹಾಕಿದೆ. ಮೂವತ್ನಾಲ್ಕಕ್ಕೆ ಎರಡು ಪಾಲು ಹಾಕಿದೆ: ಅದರ ಗಾಯ ಒಣಗುತ್ತ ಬಂದಿತ್ತು, ಇನ್ನು ಒಂದು ವಾರದಲ್ಲಿ ಅದು ಹಿಂಡಿನ ಹಿಂದೆ ಬಹಳ ದೂರ ನಡೆಯಬೇಕಾಗಿತ್ತು, ಮೈಯಲ್ಲಿ ಶಕ್ತಿ ಬರಲಿ ಎಂದು. ಅದು ತಟ್ಟೆಯನ್ನು ನೆಕ್ಕಿ ಸ್ವಚ್ಛ ಮಾಡಿತು. ಆತ ಬಿಟ್ಟುಹೋದ ಆರನೆಯ ದಿನ ಅದು.

ಮಧ್ಯಾಹ್ನದ ಹೊತ್ತಿಗೆ ಏಳನೆಯ ಸಂಖ್ಯೆಯ ಕುರುಡು ನಾಯಿ ನಡುಗತೊಡಗಿತು. ಚಳಿಯೆಂದು ಗೋಣಿ ಹೊದಿಸಿದೆ. ಆಮೇಲೆ ಹತ್ತೊಂಬತ್ತು. ಆಮೇಲೆ ಒಂದೊಂದಾಗಿ ಸಾಲಿಗೆ ಸಾಲೇ ವಾಂತಿ ಮಾಡಿತು. ಮೂವತ್ನಾಲ್ಕು ಎದ್ದು ನಿಂತು, ನಾಲ್ಕೂ ಕಾಲು ಮರದಂತೆ ಸೆಟೆದು, ಡೆಸ್ಕಿನಿಂದ ನೀರಿಗೆ ಬಿದ್ದಿತು. ಎತ್ತಿದೆವು. ತುಟಿ, ಕಣ್ಣು, ಪಕ್ಕೆ, ಮೈಯೆಲ್ಲ ಅದುರುತ್ತಿತ್ತು. ಪಶುವೈದ್ಯರಿಗೆ ಫೋನು ಮಾಡಿದೆವು; ಅವರು ದಂಡೆಯ ಹಳ್ಳಿಯಲ್ಲಿ ದನಗಳ ನಡುವೆ ಸಿಕ್ಕಿಬಿದ್ದಿದ್ದರು, ಫೋನಿನಲ್ಲೇ ಔಷಧ ಹೇಳಿದರು. "ಏನು ಹಾಕಿದಿರಿ?" ಎಂದು ಕೇಳಿದರು. ಹೇಳಿದೆ. "ಬೂಷ್ಟು ವಿಷ ಅಲ್ಲೇನ್ರಿ ಮೇಡಂ, ಬಿಸಿ ಮಾಡಿದ್ರ ಹೋಗ್ತೈತೇನು?" ಎಂದರು. ಕಂಪೌಂಡರ್ ಇದ್ದಬದ್ದ ಸಲೈನು ಏರಿಸಿದರು. ಆರು ನಾಯಿ ಉಳಿದವು. ಮೂರು ಉಳಿಯಲಿಲ್ಲ. ಸಂಜೆ ಬೆಳಕಿರುವಾಗಲೇ ಎಲ್ಲ ಮುಗಿದಿತ್ತು.

ಗೋದಾಮಿನ ಮುಂದಿನ ದಿಬ್ಬದ ಮೇಲೆ, ನೀರು ಹತ್ತದ ಜಾಗ ನೋಡಿ ಹೂಳಿದೆವು. ಅಡುಗೆಯಾಕೆ ಗುದ್ದಲಿ ಹಿಡಿದಳು. ನನ್ನ ಕಡೆ ನೋಡಲಿಲ್ಲ. ರಿಜಿಸ್ಟರಿನಲ್ಲಿ ಏಳು ಮತ್ತು ಹತ್ತೊಂಬತ್ತರ ಎದುರು ‘ಮೃತ’ ಎಂದು ಬರೆದೆ. ಮೂವತ್ನಾಲ್ಕರ ಎದುರು ಪೆನ್ನು ಇಟ್ಟು, ತೆಗೆದೆ. ಅಲ್ಲೇ ಆತನ ಮೊಬೈಲ್ ನಂಬರಿತ್ತು, ಹತ್ತೂ ಅಂಕಿ ಸ್ಪಷ್ಟವಾಗಿ, ನನ್ನದೇ ಕೈಬರಹದಲ್ಲಿ. ನಾಳೆ ಮಾಡೋಣವೆಂದುಕೊಂಡೆ. ನಾಳೆ ಮಾಡಲಿಲ್ಲ. ಆ ಮರುದಿನವೂ ಮಾಡಲಿಲ್ಲ. ನಡುವೆ ಮಳೆ ನಿಂತಿತು, ಅಂಗಳದ ನೀರಿಳಿಯಿತು, ದಂಡೆಯ ಜನ ಊರಿಗೆ ಮರಳತೊಡಗಿದರು. ನಾಯಿ ಬಿಟ್ಟವರಲ್ಲಿ ಅರ್ಧದಷ್ಟು ಮಂದಿ ಬಂದರು. ಮಿಕ್ಕವರಿಗೆ ಫೋನು ಮಾಡಿದರೆ, "ಇರ್ಲಿ ಬಿಡ್ರಿ, ನಿಮ್ಮಲ್ಲೇ ಆರಾಮ ಐತಿ" ಎಂದರು. ಇವರಿಗೆಲ್ಲ ಫೋನು ಮಾಡಲು ನನಗೆ ಸಾಧ್ಯವಾಗಿತ್ತು.

ಕುರಿಗಾಹಿ ಹೇಳಿದ ಮಾತಿನಂತೆ ಅಮಾವಾಸ್ಯೆಯ ಹಿಂದಿನ ದಿನ ಬಂದ. ಬಸ್ಸಿಳಿದು ನಡೆದುಬಂದಿದ್ದ. ಕೈಯಲ್ಲಿ ಒಂದು ಗಿಂಡಿ. ನಮಗೆಂದು ಕುರಿಯ ಹಾಲು ತಂದಿದ್ದ. ಕಂಪೌಂಡರ್ ಬಾಗಿಲಲ್ಲೇ ಎದುರಾದರು. ನಾನು ಒಳಗೆ ಔಷಧದ ಕಪಾಟಿನ ಬಳಿ ನಿಂತು ಕೇಳಿಸಿಕೊಂಡೆ.

"ಎಲ್ಲೈತ್ರಿ ನಮ್ಮದು?"

"ಏನ್ ಹೇಳೂದಪಾ ಮಾರಾಯಾ, ನಾಕ ದಿನದ ಹಿಂದ ಹಗ್ಗ ಕಡಕೊಂಡ ಓಡಿಹೋತು. ಕಾಲ ಮಾಯ್ದಿತ್ತು. ನಿನ್ನ ಹುಡಕ್ಕೊಂಡ ಹೋಗಿರಬೇಕು."

ಇದು ನಾವು ಮೊದಲೇ ಮಾತಾಡಿಕೊಂಡದ್ದಲ್ಲ. ಅವರ ಬಾಯಿಗೆ ಬಂದದ್ದು. ಗೋಡೆಯ ಗೂಟಕ್ಕೆ ಆ ಮೊಳೆಯ ಪಟ್ಟಿ ತೂಗುತ್ತಿತ್ತು; ಆತ ಅದನ್ನು ಕಂಡ.

"ಪಟ್ಟಿ ಇಲ್ಲೇ ಐತಲ್ರಿ?"

"ಕೊರಳ ಹುಣ್ಣಾಗಿತ್ತು, ನಾನ ಬಿಚ್ಚಿದ್ದೆ."

ಆತ ಒಳಗೆ ಬಂದು ಪಟ್ಟಿಯನ್ನು ಕೈಗೆ ತೆಗೆದುಕೊಂಡ. ಆಮೇಲೆ ನನ್ನ ಕಡೆ ತಿರುಗಿದ. "ಅಕ್ಕೋರ, ಖರೇನೇನ್ರಿ?"

ತರಗತಿಯಲ್ಲಿ ಸುಳ್ಳು ಹೇಳಿದ ಮಕ್ಕಳನ್ನು ನಾನು ಹೊಡೆದವಳಲ್ಲ. ನಿಲ್ಲಿಸಿ, ನಿಜ ಬಾಯಿಗೆ ಬರುವವರೆಗೆ ಕಾಯುತ್ತಿದ್ದೆ. ಆ ಕ್ಷಣದಲ್ಲಿ ನನಗೆ ಹೊಳೆದದ್ದು ಏನೆಂದರೆ: ಇನ್ನೂ ಎಂಟು ಮಂದಿಯ ನಾಯಿಗಳು ಇಲ್ಲಿವೆ, ವಿಷವಿಕ್ಕಿ ಕೊಂದರೆಂದು ಸುದ್ದಿ ಹಬ್ಬಿದರೆ ಗೋದಾಮಿನ ಒಡೆಯ ನಾಳೆಯೇ ಬೀಗ ಹಾಕುತ್ತಾನೆ. ಇದು ನೆಪ. ನಿಜವೆಂದರೆ, ತಪ್ಪು ಮಾಡಿದವಳೆಂದು ಆತನೆದುರು ನಿಲ್ಲುವುದು ನನ್ನಿಂದಾಗಲಿಲ್ಲ.

"ಹೌದು" ಎಂದೆ.

ಆತನ ಮುಖ ಹಗುರಾಯಿತು. ಸತ್ತಿಲ್ಲವಲ್ಲ! "ಹಂಗಾದ್ರ ಇಲ್ಲೇ ಎಲ್ಲೋ ಇರ್ತೈತ್ರಿ. ಸೀಟಿ ಕೇಳಿದ್ರ ಬರ್ತೈತಿ" ಎಂದು, ಹಾಲಿನ ಗಿಂಡಿಯನ್ನು ಅಡುಗೆಯಾಕೆಯ ಕೈಗೆ ಕೊಟ್ಟು, ಪಟ್ಟಿಯನ್ನು ಹೆಗಲಿಗೆ ಹಾಕಿಕೊಂಡು ಹೊರಟ.

ಮೊದಲ ದಿನ ಯಂಕಂಚಿಯ ಕಡೆ ಹೋದ. ಎರಡನೆಯ ದಿನ ಹಳ್ಳದ ಗುಂಟ ಕೆಸರಿನಲ್ಲಿ ನಡೆದ. ಮೂರನೆಯ ದಿನ ಪಟ್ಟಣದ ಓಣಿ ಓಣಿ, ಖಾನಾವಳಿಗಳ ಹಿಂಬದಿ, ಮಟನ್ ಅಂಗಡಿಗಳ ಮುಂದೆ. ಎರಡು ಬೆರಳು ಬಾಯಿಗಿಟ್ಟು ಹೊಡೆಯುವ ಸೀಟಿ. ಒಂದು ಉದ್ದ, ಎರಡು ತುಂಡು. ಮಳೆ ತೊಳೆದ ಬಯಲಿನಲ್ಲಿ ಅದು ಬಹಳ ದೂರ ಕೇಳುತ್ತದೆ. ನಾನು ನಾಯಿಗಳ ಪಾದ ಒರೆಸುತ್ತ ಕೇಳುತ್ತಿದ್ದೆ. ನಮ್ಮ ಕೆಲವು ನಾಯಿಗಳು ಕಿವಿ ನಿಮಿರಿಸುತ್ತಿದ್ದವು. ಸಂಜೆ ಆತ ಬಂದು ಅಂಗಳದ ಕಟ್ಟೆಯ ಮೇಲೆ ಕುಳಿತು, "ಯಾರರ ನೋಡೇವಂದ್ರೇನ್ರಿ?" ಎಂದು ಕೇಳುತ್ತಿದ್ದ. ಇಲ್ಲ ಎಂದು ನಾನು ಹೇಳುತ್ತಿದ್ದೆ. ಆ ಉತ್ತರದಲ್ಲಿ ಸುಳ್ಳಿಲ್ಲವೆಂದು ಒಳಗೊಳಗೇ ಸಮಾಧಾನಪಟ್ಟುಕೊಳ್ಳುವಷ್ಟು ಕೀಳಾಗಿದ್ದೆ.

ಮೂರನೆಯ ಸಂಜೆ ಆತನ ಮೊಬೈಲ್ ರಿಂಗಣಿಸಿತು. ಹೆಂಡತಿ. ಆಕೆಯ ದನಿ ನನಗೂ ಕೇಳುವಷ್ಟು ಗಟ್ಟಿಯಾಗಿತ್ತು. ತೋಳ ಬಲೆಯ ಬುಡ ಕೆದರಿ ಒಳನುಗ್ಗಿ ಎರಡು ಮರಿ ಎತ್ತಿಕೊಂಡು ಹೋಗಿತ್ತು. "ಒಬ್ಬಾಕಿ ನಾ ಎಷ್ಟ ಕಾಯ್ಲಿ? ನಾಯಿ ಸಿಗ್ತೈತೋ ಇಲ್ಲೋ ಒಂದ ಹೇಳು!" ಎಂದಳು.

"ಸಿಗ್ತೈತಿ, ಸಿಗ್ತೈತಿ. ಅಕ್ಕೋರು ಹೇಳ್ಯಾರ, ಓಡಿಹೋಗೈತಷ್ಟ. ನಾಳಿ ಒಂದಿನಾ ನೋಡ್ತೇನಿ" ಎಂದ ಆತ.

ಆತ ಬಸ್ ನಿಲ್ದಾಣದ ಕಡೆ ಮಲಗಲು ಹೋದ ಮೇಲೆ ಅಡುಗೆಯಾಕೆ ಕಸಬರಿಗೆ ಗೋಡೆಗೆ ಒರಗಿಸಿ ನನ್ನೆದುರು ಬಂದು ನಿಂತಳು. "ನಾಳಿ ಮುಂಜಾನೆ ನೀವ ಹೇಳ್ತೀರೋ, ನಾ ಹೇಳ್ಲೋ? ನಾ ಹೇಳಿದ್ರ ನಿಮ್ಮ ಮರ್ಯಾದಿ ಇಟ್ಟ ಹೇಳಾಂಗಿಲ್ಲ ನೋಡ್ರಿ."

ಕಂಪೌಂಡರ್, "ಇನ್ನ ಎರಡ ದಿನಾ ಹುಡಕಿ ತಾನ ಹೋಗ್ತಾನ ಬಿಡವಾ" ಎಂದರು.

"ನೀವು ಸುಮ್ನಿರ್ರಿ ಕಾಕಾ. ಕಲ್ಲ ಕರಗಸೂ ಹೊಟ್ಟಿ ನೋಡಿದ್ವಲ್ಲ ನಿಮ್ದು!"

ಬೆಳಿಗ್ಗೆ ಆತ ಬಂದಾಗ ನಾನು ಬಾಗಿಲಲ್ಲೇ ಇದ್ದೆ. ಹೇಳಿದೆ. ಕ್ರಮವಾಗಿ, ಒಂದನ್ನೂ ಬಿಡದೆ: ರೊಟ್ಟಿ, ಬೂಷ್ಟು, ಎರಡು ಪಾಲು, ನಡುಕ, ದಿಬ್ಬ. ಪಾಠ ಒಪ್ಪಿಸುವಂತೆ ಹೇಳಿದೆ. ಹಾಗಲ್ಲದೆ ಬೇರೆ ಹೇಳಲು ನನಗೆ ಬರುವುದಿಲ್ಲ. ಆತ ದಿಬ್ಬದ ಮೇಲೆ ಹೋಗಿ ಮಣ್ಣು ನೋಡಿ ಬಂದ.

"ಯಾವತ್ತ ಅಂದ್ರಿ?"

"ನೀವು ಬಿಟ್ಟುಹೋದ ಆರನೆಯ ದಿನ."

"ಆರನೇ ದಿನಾ." ಆತ ಬೆರಳು ಮಡಚಿ ಎಣಿಸಿದ. "ನಾ ಇನ್ನ ಹೊಲಾ ಮುಟ್ಟಿದ್ದಿಲ್ಲ. ಹೊಳ್ಯಾಗ ಬಿಟ್ಟ ಬಂದಿದ್ರ ಈಸಿ ದಂಡಿ ಹತ್ತತಿತ್ತು ನೋಡ್ರಿ ಅದು. ಸತ್ತದ್ದಕ್ಕ ನಿಮಗ ಏನೂ ಅನ್ನಂಗಿಲ್ರಿ. ನಮ್ಮ ಕೈಯಾಗೂ ಸಾಯ್ತಾವ. ಮೂರ ದಿನಾ ಸೀಟಿ ಹೊಡದೆನಲ್ರಿ ಅಕ್ಕೋರ. ನಿಮಗದು ಕೇಳ್ತಿತ್ತಲ್ರಿ."

ಕೇಳುತ್ತಿತ್ತು ಎಂದೆ.

ಆತ ರುಮಾಲು ಬಿಚ್ಚಿ ಕೊಡವಿ ಮತ್ತೆ ಸುತ್ತಿಕೊಂಡ. "ಈ ಮಾತ ನಮ್ಮನ್ಯಾಕಿ ಮುಂದ ನೀವ ಬಂದು ಹೇಳ್ಬೇಕ್ರಿ. ನಾ ಹೇಳಿದ್ರ ನಂಬಂಗಿಲ್ಲ. ಅಕ್ಕೋರು ಹಂಗ ಮಾಡಂಗಿಲ್ಲ, ನೀನ ಎಲ್ಲೋ ಕಳಕೊಂಡ ಬಂದಿ ಅಂತಾಳ."

ಇಬ್ಬರೂ ಹೂವಿನ ಹಿಪ್ಪರಗಿಯ ಬಸ್ಸು ಹತ್ತಿದೆವು. ನನ್ನ ಪಕ್ಕದ ಸೀಟು ಖಾಲಿಯಿತ್ತು. ಆತ ಹಿಂದೆ ಹೋಗಿ ಕಂಬಿ ಹಿಡಿದು ನಿಂತ. ದಾರಿಯುದ್ದಕ್ಕೂ ತೊಗರಿಯ ಹೊಲಗಳು ನೀರು ನಿಂತು ಹಳದಿಯಾಗಿದ್ದವು. ಇಳಿದ ಮೇಲೆ ಕೆಸರಿನ ದಾರಿಯಲ್ಲಿ ಆತ ಮುಂದೆ, ನಾನು ಹಿಂದೆ. ಒಂದು ಕಡೆ ನನ್ನ ಚಪ್ಪಲಿ ಸಿಕ್ಕಿಕೊಂಡಿತು; ನಾನು ಅದನ್ನು ಕಿತ್ತುಕೊಂಡು ಕೈಯಲ್ಲಿ ಹಿಡಿಯುವವರೆಗೆ ಆತ ದೂರದಲ್ಲಿ ಬೆನ್ನು ತಿರುಗಿಸಿ ನಿಂತು ಕಾದ.

ಹೊಲದ ನಡುವೆ ಬಲೆ ಕಟ್ಟಿತ್ತು. ಒಂದು ಮೂಲೆಯಲ್ಲಿ ಹರಿದಲ್ಲಿ ಜಾಲಿಯ ಮುಳ್ಳು ತುಂಬಿತ್ತು. ಆತನ ಹೆಂಡತಿ ಒಂದು ಮರಿಯ ಕುತ್ತಿಗೆಯ ಗಾಯಕ್ಕೆ ಬೇವಿನ ಎಲೆ ಅರೆದು ಹಚ್ಚುತ್ತಿದ್ದಳು. ನಮ್ಮ ಕಡೆ ಹಗೆಯಾದವರು ಬಂದರೂ ಬರ್ರಿ, ಕುಂಡರ್ರಿ ಎನ್ನುತ್ತಾರೆ. ಆಕೆ ನನ್ನ ಬರಿಗಾಲನ್ನೂ, ಗಂಡನ ಹೆಗಲ ಮೇಲಿದ್ದ ಬರಿಯ ಪಟ್ಟಿಯನ್ನೂ ನೋಡಿದಳು; ಕುಂಡರ್ರಿ ಎನ್ನಲಿಲ್ಲ. ನಾನು ನಿಂತೇ ಇನ್ನೊಮ್ಮೆ ಎಲ್ಲವನ್ನೂ ಹೇಳಿದೆ. ಹೌದು ಎಂದು ಸುಳ್ಳಾಡಿದ್ದನ್ನೂ ಹೇಳಿದೆ.

ಆಕೆ ಕೊನೆಯವರೆಗೆ ಕೇಳಿ ಗಂಡನ ಕಡೆ ತಿರುಗಿದಳು. "ಎರಡ ಮರಿ ಹ್ವಾದೂ, ಹೋಗ್ಲಿ. ತೋಳ ದಾರಿ ಕಲತೈತಿ. ಇನ್ನ ದಿನಾ ಬರ್ತೈತಿ. ಈ ಹೊಲದಾಗ ಇನ್ನ ಇರಾಕ ಬರೂದಿಲ್ಲ. ಹೊಲದ ಗೌಡ್ರಿಗೆ ಮಾತ ಮುರದ್ವಿ ಅಂತ ಹೇಳಿ ಬಾ, ಹೋಗು." ಆತ ಅಲ್ಲೇ ನಿಂತಿದ್ದ. "ನಿಂತೇನ್ ಮಾಡ್ತಿ? ಹೊತ್ತ ಮುಣಗೂದ್ರಾಗ ಊರ ಸನೇಕ ಹೋಗೂಣು."

ಆತ ಕೆಸರು ತುಳಿಯುತ್ತ ಹೊರಟ. ಆಕೆ ಎದ್ದು ಗೂಟ ಕೀಳತೊಡಗಿದಳು. ಒಬ್ಬಳಿಂದ ಆಗುವ ಕೆಲಸವಲ್ಲ. ಒಂದು ಕಡೆ ಬಿಚ್ಚಿದರೆ ಇನ್ನೊಂದು ಕಡೆಯಿಂದ ಕುರಿಗಳು ಒತ್ತುತ್ತಿದ್ದವು. ನಾನು ಚಪ್ಪಲಿ ಕೆಳಗಿಟ್ಟು ಬಲೆಯ ಒಂದು ತುದಿ ಹಿಡಿದುಕೊಂಡೆ.

"ಬಿಡ್ರಿ ಅಕ್ಕೋರ. ನಿಮಗ ತಿಳ್ಯಂಗಿಲ್ಲ" ಎಂದು ಆಕೆ ಅದನ್ನು ನನ್ನ ಬೆರಳುಗಳಿಂದ ಬಿಡಿಸಿಕೊಂಡಳು.